ಇಂಟರ್‌ವ್ಯೂ ಮೇಜಿನ ಆಚೆ ಬದಿಯಿಂದ

(ಬ್ಯಾಂಕ್ ಪಿಒ, ಅಂದರೆ ಪ್ರೊಬೇಷನರಿ ಆಫೀಸರ್ ಹುದ್ದೆಯ ಸಂದರ್ಶನಕ್ಕೆ ತಯಾರಾಗುತ್ತಿರುವ ಅಭ್ಯರ್ಥಿಗಳ ಮುಂದೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೊದಲು ಲೆಕ್ಕ ಮುಗಿಸಿಬಿಡೋಣ. ಮೇನ್ಸ್, ಅಂದರೆ ಮುಖ್ಯ ಲಿಖಿತ ಪರೀಕ್ಷೆ, ಪಾಸಾಗಿ ಬಂದವರು ನೀವು, ಲೆಕ್ಕಕ್ಕೆ ಹೆದರುವವರಲ್ಲ. ಸರ್ಕಾರಿ ಬ್ಯಾಂಕುಗಳಿಗೆ ಜನರನ್ನು ಆರಿಸುವ ಸಂಸ್ಥೆ ಐಬಿಪಿಎಸ್. ಅದರ ಪಿಒ ಆಯ್ಕೆಯಲ್ಲಿ ಮೇನ್ಸ್‌ಗೆ 80, ಸಂದರ್ಶನಕ್ಕೆ 20. ಸಂದರ್ಶನ ನಡೆಯುವುದು 100 ಅಂಕಕ್ಕೆ. ಅಲ್ಲಿ ನಿಮಗೂ ಪಕ್ಕದವರಿಗೂ 10 ಅಂಕ ಹೆಚ್ಚುಕಡಿಮೆ ಆದರೆ ಕೊನೆಯ ಪಟ್ಟಿಯಲ್ಲಿ ಅದು 2 ಅಂಕ. ಎರಡೇ ತಾನೇ ಅನ್ನಬೇಡಿ. ಆ ಪಟ್ಟಿಯಲ್ಲಿ ಒಂದಕ್ಕಿಂತ ಕಡಿಮೆ ಅಂಕದಲ್ಲಿ ಸೀಟು ಕಳೆದುಕೊಳ್ಳುವವರಿದ್ದಾರೆ. ಇನ್ನೊಂದು ವಿಷಯ, ಆ 100ರಲ್ಲಿ 40 ಬರಲೇಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲ ಅಭ್ಯರ್ಥಿಗಳಿಗೆ 35. ಅದು ಬರದಿದ್ದರೆ ಮೇನ್ಸ್‌ನಲ್ಲಿ ಎಷ್ಟು ತೆಗೆದಿದ್ದರೂ ಪ್ರಯೋಜನವಿಲ್ಲ.

ಈ ಅಂಕ ಹಾಕುವವರು ಯಾರು ಅಂತ ಯೋಚನೆ ಮಾಡಿದ್ದೀರಾ? ಮೇಜಿನ ಆಚೆ ಕೂತವರಲ್ಲಿ ಹೆಚ್ಚಿನವರು ಬ್ಯಾಂಕಿನವರೇ. ಹಳ್ಳಿ ಬ್ರಾಂಚು, ಪೇಟೆ ಬ್ರಾಂಚು ಎಲ್ಲ ನಡೆಸಿ ಮೇಲೆ ಬಂದವರು. ಅವರು ಮನಶ್ಶಾಸ್ತ್ರ ಓದಿಕೊಂಡು ಬಂದಿರುವುದಿಲ್ಲ. ಬೆಳಿಗ್ಗೆಯಿಂದ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ ಸುಸ್ತಾಗಿರುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತಿದ್ದೇನೆ. ಎದುರಿಗೆ ಒಬ್ಬರು ಬಂದು ಕೂತಾಗ ನಮ್ಮ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಪ್ರಶ್ನೆ: ‘ಇವರನ್ನು ನಾಳೆ ನನ್ನ ಬ್ರಾಂಚಿಗೆ ಹಾಕಿದರೆ ನಡೆಯುತ್ತಾ?’ ಸೋಮವಾರ ಹನ್ನೊಂದು ಗಂಟೆ, ಕೌಂಟರ್ ಮುಂದೆ ಜನ, ಸರ್ವರ್ ಡೌನ್, ಪಿಂಚಣಿಗೆ ಬಂದ ಅಜ್ಜ ಬೈಯುತ್ತಿದ್ದಾರೆ. ಆಗ ಈ ಹುಡುಗ ಏನು ಮಾಡುತ್ತಾನೆ? ಈ ಹುಡುಗಿ ಏನು ಮಾಡುತ್ತಾಳೆ? ಆ ಹೊತ್ತಿಗೆ ನಿಮ್ಮನ್ನು ನಂಬಬಹುದು ಅಂತ ಅವರಿಗೆ ಅನ್ನಿಸಬೇಕು. ಒಳ್ಳೆಯ ಇಂಪ್ರೆಶನ್ ಅಂತ ನೀವು ಕರೆಯುವುದು ಇದನ್ನೇ. ಈಗ ನಾನು ಹೇಳುವುದೆಲ್ಲ ಇದರ ಸುತ್ತಲೇ ಇರುತ್ತದೆ.

ಬಟ್ಟೆ ವಿಷಯ ಬೇಗ ಮುಗಿಸುತ್ತೇನೆ. ಒಗೆದು ಇಸ್ತ್ರಿ ಮಾಡಿದ, ನಿಮಗೆ ಅಳತೆಗೆ ಸರಿಯಾದ ಬಟ್ಟೆ ಸಾಕು. ಸಾಲ ಮಾಡಿ ಕೋಟು ಹೊಲಿಸಬೇಡಿ. ಹೊಸ ಶೂ ಹಾಕುವುದಾದರೆ ವಾರ ಮೊದಲೇ ಹಾಕಿ ಓಡಾಡಿ, ಕಾಲು ಕಚ್ಚಿದರೆ ಮುಖದಲ್ಲಿ ಕಾಣುತ್ತದೆ. ಸೀರೆಯೋ ಚೂಡಿದಾರೋ ಅಂತ ಪ್ರತಿ ಸಲ ಕೇಳುತ್ತಾರೆ. ನಿಮಗೆ ಯಾವುದರಲ್ಲಿ ಸಲೀಸೋ ಅದು.

ಬಟ್ಟೆಗಿಂತ ಫೈಲಿನ ಕಡೆ ಗಮನ ಕೊಡಿ. ಒಳಗೆ ಹೋಗುವ ಮುಂಚೆ ದಾಖಲೆ ಪರಿಶೀಲನೆ ಇರುತ್ತದೆ. ನಮ್ಮ ರಾಜ್ಯದ ಮಕ್ಕಳು ಎಡವುವುದು ಎರಡು ಕಡೆ. ಒಂದು, ಒಬಿಸಿ ಸರ್ಟಿಫಿಕೇಟು. ನಿಮ್ಮ ಹತ್ತಿರ 2ಎ ಅಥವಾ 3ಬಿ ಅಂತ ಇರುವುದು ರಾಜ್ಯದ ಸರ್ಟಿಫಿಕೇಟು. ಇಲ್ಲಿ ಕೇಳುವುದು ಕೇಂದ್ರ ಸರ್ಕಾರದ ನಮೂನೆಯದು. ಕೆನೆಪದರಕ್ಕೆ, ಅಂದರೆ ಹಿಂದುಳಿದವರಲ್ಲೇ ಮುಂದುವರಿದವರ ಗುಂಪಿಗೆ, ಸೇರಿಲ್ಲ ಎಂಬ ಮಾತು ಅದರಲ್ಲಿ ಇರಬೇಕು. ಅದರ ತಾರೀಖು ನೋಟಿಫಿಕೇಶನ್ ಹೇಳಿದ ಅವಧಿಯೊಳಗೆ ಇರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ, ಅದನ್ನೂ ನೋಡಿಕೊಳ್ಳಿ. ತಾಲೂಕು ಕಚೇರಿಗೆ ಇವತ್ತೇ ಹೋಗಿ, ಕಾಲ್ ಲೆಟರ್ ಬರಲಿ ಅಂತ ಕಾಯಬೇಡಿ. ಎರಡನೆಯದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ, ಪ್ಯಾನಿನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಮನೆಗಳಲ್ಲಿ ಇದು ಮಾಮೂಲು, ಅಲ್ವಾ? ಬೇರೆ ರಾಜ್ಯದ ಅಧಿಕಾರಿಗೆ ಅದು ಮೂರು ಜನರ ಹೆಸರಿನ ಹಾಗೆ ಕಾಣುತ್ತದೆ. ಹೊರಗೆ ಇದರ ಬಗ್ಗೆ ಅರ್ಧ ಗಂಟೆ ವಾದ ಮಾಡಿ, ಬೆವರಿಳಿಸಿಕೊಂಡು ಒಳಗೆ ಬಂದವರನ್ನು ನೋಡಿದ್ದೇನೆ. ಓದಿದ್ದೆಲ್ಲ ಆಗಲೇ ಮರೆತಿರುತ್ತದೆ.

ಈಗ ಬಾಗಿಲು ತೆಗೆದು ಒಳಗೆ ಬಂದಿರಿ ಅಂದುಕೊಳ್ಳಿ. ‘ಮೊದಲ ಏಳು ಸೆಕೆಂಡಿನಲ್ಲಿ ಎಲ್ಲ ತೀರ್ಮಾನ ಆಗಿಬಿಡುತ್ತದೆ’ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ‘ಮಾತಿಗೆ ಬೆಲೆ ಶೇಕಡಾ 7, ದನಿಗೆ 38, ಹಾವಭಾವಕ್ಕೆ 55’ ಅಂತಲೂ ಹೇಳುತ್ತಾರೆ. ಈ 7-38-55 ಎಲ್ಲಿಂದ ಬಂತು ಗೊತ್ತಾ? ಆಲ್ಬರ್ಟ್ ಮೆಹ್ರಾಬಿಯನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ. 1967ರಲ್ಲಿ ಅವರ ಎರಡು ಅಧ್ಯಯನ ಪ್ರಕಟವಾದವು. ಅದರಲ್ಲಿ ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಮುಖದ ಫೋಟೋ ತೋರಿಸಿದರು. ಮಾತಾಡಿದವರಿಗೆ ಎದುರಿನವರ ಮೇಲೆ ಇಷ್ಟ ಇದೆಯೋ ಇಲ್ಲವೋ ಅಂತ ಊಹಿಸಿ ಅಂದರು. ಅಷ್ಟೇ. ಇಷ್ಟಾನಿಷ್ಟದಂಥ ಭಾವನೆಯ ಮಾತಿಗೆ ಮಾತ್ರ ಇದು ಅನ್ವಯ ಅಂತ ಅವರೇ ಆಮೇಲೆ ಸ್ಪಷ್ಟವಾಗಿ ಹೇಳಿದ್ದಾರೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತಿಗೆ ಶೇಕಡಾ 7 ಮಾತ್ರ ಬೆಲೆ ಇದ್ದಿದ್ದರೆ ನಾನು ಇಲ್ಲಿ ಸುಮ್ನೆ ನಗುತ್ತಾ ನಿಂತರೆ ಸಾಕಿತ್ತು.

ಹಾಗಂತ ಮೊದಲ ನಿಮಿಷಕ್ಕೆ ಬೆಲೆ ಇಲ್ಲ ಅಂತ ಅಲ್ಲ. ಸಾಲೊಮನ್ ಆಶ್ ಅಂತ ಇನ್ನೊಬ್ಬ ಮನಶ್ಶಾಸ್ತ್ರಜ್ಞ 1946ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬ ವ್ಯಕ್ತಿಯ ಬಗ್ಗೆ ಆರು ಗುಣ ಓದಿ ಹೇಳಿದರು: ಬುದ್ಧಿವಂತ, ಶ್ರಮಜೀವಿ, ದುಡುಕು ಸ್ವಭಾವ, ತಪ್ಪು ಹುಡುಕುವವನು, ಹಟಮಾರಿ, ಹೊಟ್ಟೆಕಿಚ್ಚಿನವನು. ಇನ್ನೊಂದು ಗುಂಪಿಗೆ ಇದೇ ಆರನ್ನು ಹಿಂದುಮುಂದಾಗಿ ಓದಿದರು. ಮೊದಲ ಗುಂಪಿನವರಿಗೆ ಆ ವ್ಯಕ್ತಿ ಒಳ್ಳೆಯವನಾಗಿಯೇ ಕಂಡ, ಸ್ವಲ್ಪ ಕುಂದು ಇದೆ ಅಷ್ಟೇ. ಎರಡನೆಯವರಿಗೆ ಅವನು ಸಮಸ್ಯೆಯ ಮನುಷ್ಯನಾದ. ಗುಣಗಳು ಅವೇ, ಸರದಿ ಮಾತ್ರ ಬೇರೆ. ಮೊದಲು ಕೇಳಿದ್ದರ ಬೆಳಕಿನಲ್ಲಿ ಆಮೇಲಿನದ್ದನ್ನು ನೋಡುತ್ತೇವೆ ನಾವು. ಇಂಟರ್‌ವ್ಯೂನಲ್ಲಿ ನೀವು ಮೊದಲು ಹೇಳುವುದು ಏನು? ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಕೊಡುವ ಉತ್ತರ. ಈ ಉತ್ತರ ನಿಮ್ಮ ಕೈಯಲ್ಲೇ ಇದೆ. ಆದರೂ ಹೆಚ್ಚಿನವರು ಇದನ್ನೇ ಹಾಳು ಮಾಡಿಕೊಳ್ಳುತ್ತಾರೆ.

ಹೇಗೆ ಅಂದರೆ, ಕೋಚಿಂಗ್ ಸೆಂಟರಿನಲ್ಲಿ ಬರೆಸಿದ್ದನ್ನು ಒಪ್ಪಿಸುತ್ತಾರೆ. ‘ನಾನು ಶ್ರಮಜೀವಿ, ತಂಡದಲ್ಲಿ ಕೆಲಸ ಮಾಡಬಲ್ಲೆ, ನನ್ನ ದೌರ್ಬಲ್ಯ ಅಂದರೆ ನಾನು ಪರಿಪೂರ್ಣತೆ ಬಯಸುತ್ತೇನೆ.’ ಒಂದೇ ದಿನ ಒಂಬತ್ತು ಜನರಿಂದ ಇದನ್ನು ಕೇಳಿಸಿಕೊಂಡ ಮೇಲೆ ಪ್ಯಾನೆಲ್‌ನವರು ಏನು ಮಾಡುತ್ತಾರೆ? ಚಹಾ ಎಲ್ಲಿಗೆ ಬಂತು ಅಂತ ನೋಡುತ್ತಾರೆ.

ಒಂದು ಸಲ ಬ್ಯಾಡಗಿ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಬಿಎಸ್‌ಸಿ ಮಾಡಿದವಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ಅವಳು ಹೇಳಿದ್ದು ಇಷ್ಟು: ‘ನಮ್ಮಪ್ಪ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ಸೀಸನ್ನಿನಲ್ಲಿ ನಾನೂ ಹೋಗಿ ಕೂರುತ್ತಿದ್ದೆ. ಚೀಲದ ತೂಕ ಬರೆದುಕೊಂಡು ರೈತರಿಗೆ ಪಟ್ಟಿ ಮಾಡಿ ಕೊಡುವುದು ನನ್ನ ಕೆಲಸ.’ ಮೂರೇ ವಾಕ್ಯ. ಪ್ಯಾನೆಲ್‌ನಲ್ಲಿ ಕೂತಿದ್ದವರೆಲ್ಲ ನೆಟ್ಟಗಾದರು. ಮುಂದಿನ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಬಂದವು. ಬ್ಯಾಡಗಿ ಮೆಣಸಿನಕಾಯಿಗೆ ಅಷ್ಟು ಬೇಡಿಕೆ ಯಾಕೆ? ಖಾರ ಕಡಿಮೆ, ಬಣ್ಣ ಜಾಸ್ತಿ, ಬಣ್ಣ ತೆಗೆಯುವ ಕಾರ್ಖಾನೆಗಳು ಕೊಳ್ಳುತ್ತವೆ ಅಂದಳು. ರೇಟು ಬಿದ್ದಾಗ ರೈತ ಏನು ಮಾಡುತ್ತಾನೆ? ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾನೆ. ಆಗ ಮನೆ ಖರ್ಚಿಗೆ ದುಡ್ಡು? ‘ಸ್ಟೋರೇಜ್ ರಸೀದಿ ಮೇಲೆ ಬ್ಯಾಂಕು ಸಾಲ ಕೊಡುತ್ತದೆ ಸರ್, ಆದರೆ ಸಣ್ಣ ರೈತರು ಹೆಚ್ಚಾಗಿ ದಲಾಲರ ಹತ್ತಿರವೇ ಮುಂಗಡ ತೆಗೆದುಕೊಂಡಿರುತ್ತಾರೆ.’ ಅಷ್ಟು ಹೊತ್ತಿಗೆ ನಮ್ಮ ಪಾಲಿಗೆ ಅವಳು ಬ್ರಾಂಚಿಗೆ ಬಂದಾಗಿತ್ತು.

ನಮ್ಮಪ್ಪ ದಲಾಲಿ ಅಂಗಡಿಯಲ್ಲಿಲ್ಲವಲ್ಲ ಅಂತ ಯೋಚಿಸಬೇಡಿ. ರಾಮನಗರದವರಿಗೆ ರೇಷ್ಮೆಗೂಡಿನ ಮಾರ್ಕೆಟ್ ಇದೆ, ಇಳಕಲ್ಲಿನವರಿಗೆ ಮಗ್ಗ ಇದೆ, ಚಿಕ್ಕಮಗಳೂರಿನವರಿಗೆ ಕಾಫಿ ತೋಟ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರ ಬೀದಿಯಲ್ಲೂ ಜೆರಾಕ್ಸ್ ಅಂಗಡಿ, ಹಾಲಿನ ಬೂತು ಇರುತ್ತದೆ. ಅವರು ದುಡ್ಡು ಹೇಗೆ ಹೊಂದಿಸುತ್ತಾರೆ ಅಂತ ಯಾವತ್ತಾದರೂ ಕೇಳಿದ್ದೀರಾ? ಇನ್ನೂ ಸಮಯ ಇದೆ, ಹೋಗಿ ಕೇಳಿ.

ಇಲ್ಲಿ ದಕ್ಷಿಣ ಕನ್ನಡ, ಉಡುಪಿಯವರು ಯಾರಾದರೂ ಇದ್ದರೆ ನಿಮಗೊಂದು ಎಚ್ಚರಿಕೆ. ನಿಮ್ಮ ಜಿಲ್ಲೆ ಹೆಸರು ಕೇಳಿದ ಕೂಡಲೇ ಬರುವ ಪ್ರಶ್ನೆ ಬ್ಯಾಂಕುಗಳ ಬಗ್ಗೆಯೇ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ಹಾಜಿ ಅಬ್ದುಲ್ಲಾ ಅವರಿಂದ. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆದಾಗ ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರಲ್ಲಿ ಇನ್ನೂ 6 ಸೇರಿದಾಗ ಕಾರ್ಪೊರೇಶನ್, ವಿಜಯಾ. ಒಂದೇ ಹಳೆಯ ಜಿಲ್ಲೆಯಿಂದ ನಾಲ್ಕು. ಈಗ ಹೆಸರು ಉಳಿದಿರುವುದು ಕೆನರಾ ಒಂದರದ್ದೇ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ನನ್ನ ವಯಸ್ಸಿನವರಿಗೆ ಇದು ಸ್ವಲ್ಪ ಹೊಟ್ಟೆ ಉರಿಯುವ ವಿಷಯ, ಬಿಡಿ.

ಇಸವಿಗಳನ್ನೆಲ್ಲ ಹೇಳಿದೆ ಅಂತ ಬಾಯಿಪಾಠ ಮಾಡಬೇಡಿ. ಪ್ಯಾನೆಲ್‌ಗೆ ರುಚಿಸುವುದು ಇಸವಿಯ ಹಿಂದೆ ಇರುವುದು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಯೋಜನೆ ಶುರು ಮಾಡಿತು. ಏಜೆಂಟು ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆಯಿಂದ ಹಿಡಿದು ಕಟ್ಟಿಸಿಕೊಳ್ಳುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತದವರ ಮನೆಗೆ ಬ್ಯಾಂಕೇ ನಡೆದು ಹೋಯಿತು. ಬ್ಯಾಂಕಿನ ಪರವಾಗಿ ಊರೂರಲ್ಲಿ ಕೆಲಸ ಮಾಡುವ ಇವತ್ತಿನ ಏಜೆಂಟು, ಅಂದರೆ ಬ್ಯಾಂಕ್ ಮಿತ್ರ, ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ಕೈಯಲ್ಲಿ ಪುಸ್ತಕದ ಬದಲು ಬೆರಳಚ್ಚಿನ ಯಂತ್ರ. ಇದನ್ನು ನಿಮ್ಮ ಮಾತಿನಲ್ಲಿ ಹೇಳಿ ನೋಡಿ. ಇಸವಿ ಒಂದೆರಡು ವರ್ಷ ಆಚೀಚೆಯಾದರೂ ಯಾರೂ ಲೆಕ್ಕಕ್ಕಿಡುವುದಿಲ್ಲ.

ಹವ್ಯಾಸದ ವಿಷಯಕ್ಕೂ ಇದೇ ಮಾತು. ಬಯೋಡೇಟಾ ಫಾರ್ಮಿನಲ್ಲಿ ಒಬ್ಬ ಹುಡುಗ ಯಕ್ಷಗಾನ ಅಂತ ಬರೆದಿದ್ದ. ಪ್ಯಾನೆಲ್‌ನಲ್ಲಿದ್ದ ಬಿಹಾರದ ಅಧಿಕಾರಿಯೊಬ್ಬರು ಅದೇನು ಅಂತ ಕೇಳಿದರು. ಹುಡುಗ ‘ಜಾನಪದ ಕಲೆ’ ಅಂತ ಹೇಳಿ ಸುಮ್ಮನಾಗಲಿಲ್ಲ. ‘ಸರ್, ನಿಮ್ಮ ಕಡೆ ರಾಮಲೀಲಾ ಇದೆಯಲ್ಲ, ಹಾಗೆಯೇ ಪುರಾಣದ ಕಥೆ, ರಾತ್ರಿಯ ಆಟ. ಆದರೆ ನಮ್ಮಲ್ಲಿ ಪಾತ್ರಧಾರಿ ತನ್ನ ಮಾತನ್ನು ಅಲ್ಲಿಯೇ ಹುಟ್ಟಿಸಿ ಆಡಬೇಕು, ಬರೆದುಕೊಟ್ಟಿರುವುದಿಲ್ಲ’ ಅಂದ. ಆಮೇಲೆ ತೆಂಕು, ಬಡಗು ಅಂತ ಎರಡು ತಿಟ್ಟು ಇವೆ, ವೇಷ ನೋಡಿದರೇ ಗೊತ್ತಾಗುತ್ತದೆ ಅಂತ ಹೇಳಿದ. ಅವನಿಗೆ ಅಂಕ ಸಿಕ್ಕಿದ್ದು ಯಕ್ಷಗಾನಕ್ಕಲ್ಲ. ಏನೂ ಗೊತ್ತಿಲ್ಲದವರಿಗೆ ಅವರ ಕಡೆಯಿಂದ ಶುರು ಮಾಡಿ ತಿಳಿಸಿದನಲ್ಲ, ಅದಕ್ಕೆ. ನಾಳೆ ಅವನು ಅಜ್ಜಿಗೆ ನಾಮಿನಿ ಅಂದರೇನು ಅಂತ ಹೇಳಬೇಕಾದವನು.

ಇಂಜಿನಿಯರುಗಳು ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ! ಹಾಗಾದರೆ ನಿಮ್ಮ ಪ್ರಶ್ನೆ ನಿಮಗೇ ಗೊತ್ತು: ‘ಇಂಜಿನಿಯರಿಂಗ್ ಓದಿ ಬ್ಯಾಂಕಿಗೆ ಯಾಕೆ?’ ಇದಕ್ಕೆ ‘ಸಮಾಜ ಸೇವೆ’ ಅನ್ನಬೇಡಿ, ದಯವಿಟ್ಟು. ಕೆಲಸದ ಭದ್ರತೆ ಅನ್ನುವುದು ನಿಜವೇ, ಅದರಲ್ಲಿ ನಾಚಿಕೆ ಇಲ್ಲ, ಆದರೆ ಅದೊಂದೇ ಆದರೆ ಪ್ಯಾನೆಲ್‌ಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಬ್ಬ ಹೇಳಿದ್ದು ನೆನಪಿದೆ. ಪೇಮೆಂಟ್ ಆ್ಯಪ್ ಒಂದರ ಸಪೋರ್ಟ್ ವಿಭಾಗದಲ್ಲಿ ಕೆಲಸ ಮಾಡಿದ್ದನಂತೆ. ‘ಗಿರಾಕಿ ಖಾತೆಯಿಂದ ದುಡ್ಡು ಕಟ್ ಆಗಿರುತ್ತೆ, ಅಂಗಡಿಯವರಿಗೆ ಬಂದಿರುವುದಿಲ್ಲ. ಫೋನ್ ಮಾಡಿ ಕೂಗಾಡುತ್ತಾರೆ. ಅವರ ದುಡ್ಡು ಎಲ್ಲಿದೆ ಅಂತ ನನಗೆ ಸ್ಕ್ರೀನಿನಲ್ಲಿ ಕಾಣುತ್ತೆ. ಅದನ್ನು ಅವರಿಗೆ ಅರ್ಥ ಮಾಡಿಸಿ ಸಮಾಧಾನ ಮಾಡುವುದು ನನಗೆ ಕೋಡ್ ಬರೆಯುವುದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಸಂಬಳ ಕಡಿಮೆಯಾಗಬಹುದು ಅಂತ ಗೊತ್ತು.’ ಆ ಕೊನೆಯ ವಾಕ್ಯ ನೋಡಿ. ನಾವು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವನೇ ತೆಗೆದು ಮೇಜಿನ ಮೇಲಿಟ್ಟ.

ಇನ್ನು ಉತ್ತರ ಗೊತ್ತಿಲ್ಲದಿದ್ದಾಗ ಏನು ಮಾಡಬೇಕು. ನಿಮಗೆ ಜಾಸ್ತಿ ಹೆದರಿಕೆ ಇದೇ. ‘ಗೊತ್ತಿಲ್ಲ ಸರ್’ ಅನ್ನಿ ಅಂತ ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಅದರಲ್ಲೂ ಎರಡು ಥರ ಇದೆ.

ಸಾಲ ಯಾವಾಗ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ ಅಂತ ಕೇಳಿದರೆ ಎಲ್ಲರೂ ಕಂತು ಬಾಕಿಯಾಗಿ 90 ದಿನ ಅನ್ನುತ್ತಾರೆ. ಸಾಮಾನ್ಯ ಸಾಲಕ್ಕೆ ಅದು ಸರಿ. ಒಬ್ಬ ಅಭ್ಯರ್ಥಿಗೆ ನಾನು ಕೇಳಿದೆ: ‘ರಾಗಿ ಬೆಳೆಯುವ ರೈತನ ಬೆಳೆ ಸಾಲಕ್ಕೂ 90 ದಿನವೇ?’ ಅವನಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಹೇಳಿದ: ‘ಸರ್, ನಿಯಮ ನನಗೆ ಗೊತ್ತಿಲ್ಲ. ಆದರೆ ರಾಗಿ ಕೊಯ್ಲಿಗೆ ಬರುವುದಕ್ಕೇ ಮೂರೂವರೆ, ನಾಲ್ಕು ತಿಂಗಳು ಬೇಕು. ಬೆಳೆ ಮಾರುವ ಮೊದಲೇ ಸಾಲ ಕೆಟ್ಟಿತು ಅನ್ನುವುದಕ್ಕೆ ಆಗುವುದಿಲ್ಲ. ಹಾಗಾಗಿ ದಿನದ ಲೆಕ್ಕ ಬಿಟ್ಟು ಬೆಳೆಯ ಲೆಕ್ಕ ಇರಬೇಕು.’ ಇರುವುದೂ ಹಾಗೆಯೇ. ರಾಗಿ, ಜೋಳದಂಥ ಕಡಿಮೆ ಅವಧಿಯ ಬೆಳೆಗೆ ಎರಡು ಬೆಳೆ ಹಂಗಾಮು ಕಳೆದರೂ ಕಟ್ಟದಿದ್ದರೆ ಎನ್‌ಪಿಎ. ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಗುವ ಬೆಳೆಗೆ ಒಂದು ಹಂಗಾಮು. ನಿಯಮವನ್ನು ನಾನು ಅಲ್ಲೇ ಅವನಿಗೆ ಹೇಳಿದೆ. ಬಾಯಿಪಾಠ ಮಾಡಿ ಸರಿ ಉತ್ತರ ಹೇಳಿದವರಿಗಿಂತ ಅವನಿಗೆ ಜಾಸ್ತಿ ಅಂಕ ಬಿತ್ತು. ನಿಯಮ ಕಲಿಸಬಹುದು. ಬೆಳೆ ಮಾರಿದ ಮೇಲೆ ತಾನೇ ದುಡ್ಡು ಬರುವುದು ಅಂತ ಹೊಳೆಯುವುದನ್ನು ಟ್ರೇನಿಂಗ್ ಕಾಲೇಜಿನಲ್ಲಿ ಕಲಿಸುವುದು ಕಷ್ಟ.

ಎಲ್ಲದಕ್ಕೂ ಹೀಗೆ ತರ್ಕ ಮಾಡಲು ಹೋಗಬೇಡಿ, ಮತ್ತೆ. ಇವತ್ತಿನ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಎಷ್ಟು ಅಂತ ಕೇಳಿದರೆ ಯೋಚಿಸಿ ಹೇಳುವಂಥದ್ದು ಏನೂ ಇಲ್ಲ. ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಇಲ್ಲ ಅಂದು ಮುಂದಕ್ಕೆ ಹೋಗಬೇಕು.

ಸಂದರ್ಭ ಕೊಟ್ಟು ಕೇಳುವ ಪ್ರಶ್ನೆ ಈಗ ಜಾಸ್ತಿಯಾಗಿದೆ. ‘ಎಪ್ಪತ್ತು ದಾಟಿದ ಅಮ್ಮ ಎಫ್‌ಡಿ ರಿನ್ಯೂ ಮಾಡಿಸಲು ಬಂದಿದ್ದಾರೆ. ವಿಮೆಯ ಟಾರ್ಗೆಟ್ ಬಾಕಿ ಇದೆ, ಆ ದುಡ್ಡನ್ನು ಪಾಲಿಸಿಗೆ ಹಾಕಿಸು ಅಂತ ಮ್ಯಾನೇಜರ್ ಕಣ್ಸನ್ನೆ ಮಾಡುತ್ತಾರೆ. ಏನು ಮಾಡುತ್ತೀರಿ?’ ಕೆಲವರು ‘ಮ್ಯಾನೇಜರ್ ಮೇಲೆ ದೂರು ಕೊಡುತ್ತೇನೆ’ ಅಂತ ಎದೆ ಉಬ್ಬಿಸುತ್ತಾರೆ. ಕೆಲವರು ‘ಮ್ಯಾನೇಜರ್ ಹೇಳಿದ ಹಾಗೆ’ ಅಂತಾರೆ. ಎರಡೂ ಬ್ರಾಂಚಿನಲ್ಲಿ ನಡೆಯುವುದಿಲ್ಲ. ಆ ಅಮ್ಮನಿಗೆ ಈ ದುಡ್ಡು ಯಾವಾಗ ಬೇಕು ಅಂತ ಮೊದಲು ಅವರನ್ನೇ ಕೇಳಬೇಕಲ್ಲವೇ? ಮುಂದಿನ ವರ್ಷ ಆಸ್ಪತ್ರೆಗೆ ಬೇಕು ಅಂದರೆ ಎಫ್‌ಡಿ ಮಾಡಿಕೊಟ್ಟು, ಮ್ಯಾನೇಜರ್‌ಗೆ ‘ಇವರಿಗೆ ಬೇಡ ಸರ್, ಟಾರ್ಗೆಟ್‌ಗೆ ಬೇರೆಯವರನ್ನು ನೋಡುತ್ತೇನೆ’ ಅನ್ನಬಹುದು. ಇದೇ ಥರ ಇನ್ನೊಂದು ಪ್ರಶ್ನೆ, ಮ್ಯಾನೇಜರ್ ರಜೆಯ ಮೇಲೆ ಹೋಗುವಾಗ ತಮ್ಮ ಪಾಸ್‌ವರ್ಡ್ ನಿಮಗೆ ಕೊಟ್ಟರೆ? ಇಲ್ಲಿ ಮಾತ್ರ ನಯನಾಜೂಕು ಬೇಡ. ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಮಾಡಿದ್ದನ್ನು ಇನ್ನೊಬ್ಬರು ಪಾಸ್ ಮಾಡಬೇಕು. ಎರಡೂ ಒಬ್ಬರ ಕೈಗೆ ಬಂದರೆ ದುಡ್ಡು ಎಲ್ಲಿ ಹೋಯಿತು ಅಂತ ಹೇಳುವವರು ಯಾರೂ ಇರುವುದಿಲ್ಲ. ತೆಗೆದುಕೊಳ್ಳುವುದಿಲ್ಲ ಅಂತ ನೇರವಾಗಿ ಹೇಳಿ.

ಇಂಗ್ಲಿಷ್ ಬಗ್ಗೆ ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ದೊಡ್ಡ ಬೆಟ್ಟ. ಇಂಗ್ಲಿಷೋ ಹಿಂದಿಯೋ ಎರಡರಲ್ಲಿ ಒಂದರಲ್ಲಿ ಮಾತಾಡಬೇಕು, ಕನ್ನಡಕ್ಕೆ ಅಲ್ಲಿ ಜಾಗ ಇಲ್ಲದಿರುವುದು ಸರಿಯಲ್ಲ ಅಂತ ನನಗೂ ಅನ್ನಿಸುತ್ತದೆ. ನಾಳೆ ಕೌಂಟರಿನಲ್ಲಿ ಮಾತಾಡುವುದು ಕನ್ನಡದವರ ಜೊತೆಯೇ ತಾನೇ. ಆದರೆ ನಿಮ್ಮ ಇಂಟರ್‌ವ್ಯೂ ಇರುವುದು ಇನ್ನು ಕೆಲವೇ ದಿನಕ್ಕೆ. ಹಾಗಾಗಿ ಚಿಕ್ಕ ವಾಕ್ಯ ಆಡಿ. ಗ್ರಾಮರ್ ತಪ್ಪಿದರೆ ಹಿಂದೆ ಹೋಗಿ ತಿದ್ದಬೇಡಿ, ವಿಷಯ ತುಂಡಾಗುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಸರ್ ಅನ್ನಿ. ಇದಕ್ಕೆ ಯಾರೂ ಅಂಕ ಕಡಿಯುವುದಿಲ್ಲ. ಅರ್ಥವಾಗದ ಪ್ರಶ್ನೆಗೆ ಉತ್ತರ ಕೊಟ್ಟರೆ ಕಡಿಯುತ್ತಾರೆ. ಬ್ಯಾಡಗಿ ಹುಡುಗಿಯ ಇಂಗ್ಲಿಷ್‌ನಲ್ಲಿ ತಪ್ಪು ಬೇಕಾದಷ್ಟಿತ್ತು, ಆದರೆ ಅವಳ ಒಂದು ಮಾತೂ ನಮಗೆ ಅರ್ಥವಾಗದೆ ಹೋಗಲಿಲ್ಲ.

‘ಎಲ್ಲಿಗೆ ಹಾಕಿದರೂ ಹೋಗುತ್ತೀರಾ?’ ಅಂತ ಕೇಳಿಯೇ ಕೇಳುತ್ತಾರೆ. ಎಲ್ಲರೂ ‘ಎಲ್ಲಿಗಾದರೂ ಸರ್’ ಅನ್ನುತ್ತಾರೆ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು, ಆರು ತಿಂಗಳಿಗೆ ಟ್ರಾನ್ಸ್‌ಫರ್ ಅರ್ಜಿ ಬರುತ್ತದೆ ಅಂತ. ಒಬ್ಬಳು ಹೇಳಿದ್ದು ಬೇರೆ ಥರ ಇತ್ತು. ‘ಮನೆಯಲ್ಲಿ ಅಮ್ಮ ಒಬ್ಬರೇ. ತಮ್ಮನ ಓದು ಇನ್ನೊಂದು ವರ್ಷ ಇದೆ. ಅಲ್ಲಿಯವರೆಗೆ ಕಷ್ಟ ಆಗುತ್ತೆ, ಆದರೂ ಹೋಗುತ್ತೇನೆ. ಅಮ್ಮನ ಹತ್ತಿರ ಮಾತಾಡಿಯೇ ಅರ್ಜಿ ಹಾಕಿದ್ದು.’ ಆಮೇಲೆ ಯಾರೂ ಅದನ್ನು ಕೆದಕಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ಎರಡು ವಾರ ಮಾತ್ರ ಇದೆ, ಏನು ಓದಲಿ?’ ಓದಿದ್ದು ಸಾಕು. ನಿಮ್ಮೂರಿನ ಬ್ರಾಂಚಿಗೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಕುರ್ಚಿ ಹಿಡಿದು ಕೂರಿ. ಯಾರು ಯಾವ ಕೆಲಸಕ್ಕೆ ಬರುತ್ತಾರೆ, ಎಲ್ಲಿ ತಡವಾಗುತ್ತದೆ, ಯಾರಿಗೆ ಫಾರ್ಮ್ ತುಂಬಲು ಬರುವುದಿಲ್ಲ ನೋಡಿ. ಪಕ್ಕದವರಿಗೆ ಒಂದು ಚಲನ್ ತುಂಬಿಕೊಡಿ. ಸಂಜೆ ನಾಲ್ಕರ ಮೇಲೆ ಮ್ಯಾನೇಜರ್ ಸ್ವಲ್ಪ ಬಿಡುವಾಗಿದ್ದರೆ ನಮಸ್ಕಾರ ಹೇಳಿ, ಪಿಒ ಇಂಟರ್‌ವ್ಯೂ ಇದೆ ಸರ್ ಅನ್ನಿ. ಈ ಬ್ರಾಂಚಿನಲ್ಲಿ ಯಾವ ಸಾಲ ಜಾಸ್ತಿ ಕೊಡುತ್ತೀರಿ, ಯಾವುದು ವಾಪಸ್ ಬರುವುದಿಲ್ಲ ಅಂತ ಕೇಳಿ. ಹೆಚ್ಚಿನವರು ಖುಷಿಯಿಂದಲೇ ಹೇಳುತ್ತಾರೆ, ಅವರೂ ಒಂದು ದಿನ ಆ ಮೇಜಿನ ಈಚೆ ಕೂತವರೇ. ಶನಿವಾರ ಹೋಗುವುದಾದರೆ ಎರಡನೆಯದು, ನಾಲ್ಕನೆಯದು ರಜೆ, ನೋಡಿಕೊಂಡು ಹೋಗಿ.